ಅಂಬುಜಾಬಾಯಿ ಹಡಗಿನಲ್ಲಿ ಉಂಡದ್ದು

“ಎರಡೆರಡು ಸ್ವೆಟರ್ ಹಾಕ್ಕೋ ಅಂತ ಎಲ್ಲಾರೂ ಹೇಳ್ತಾರ ಸ್ಪಂದನಾ, ಅದನ್ನ ನಾ ಏನು ಹೇಳೂದು. ನಾ ಬ್ಯಾರೆ ಹೇಳ್ತೀನಿ ಕೇಳು. ಅಲ್ಲಿ ಜನವರಿಯೊಳಗ ಸೂರ್ಯ ಹುಟ್ಟೂದಿಲ್ಲ. ಮೋಡ ಮುಚ್ಚಿರ್ತದ ಅಂತಲ್ಲವಾ, ಹುಟ್ಟೂದೇ ಇಲ್ಲ. ಹನ್ನೊಂದರ ಸುಮಾರಿಗೆ ದಕ್ಷಿಣದ ಕಡೆ ಒಂದಿಷ್ಟು ಕೆಂಪಗಾಗ್ತದ, ಯಾರೋ ಬಾಗಲಾ ಸ್ವಲ್ಪ ತಗದು ಇಣುಕಿ ನೋಡಿಧಂಗ. ಈಗ ಬಂದಾನು, ಆಗ ಬಂದಾನು ಅಂತ ಕಟಕಟಿ ಹಿಡಕೊಂಡು ನಿಂತಿರ್ತೀವಿ. ಒಂದೂವರಿಗೆ ಆ ಬಾಗಲಾನೂ ಹಾಕ್ಕೊಂಡುಬಿಡ್ತದ. ನಾ ಮೂರು ದಿನ ಹಂಗ ನಿಂತೆ. ಊರು ಮಾತ್ರ ಭಾಳ ಛಂದ, ಸುಳ್ಳು ಹೇಳಬಾರದು. ಹಳದಿ ಮನಿ, ಕೆಂಪು ಮನಿ, ಕಿಟಕಿಗೊಂದೊಂದು ದೀಪ. ಹಡಗು ನಿಂತಕೂಡ್ಲೆ ಟಪಾಲಿನ ಚೀಲಾ, ಮೀನಿನ ಡಬ್ಬಿ ಇಳಸ್ತಿದ್ರು. ಒಂದೂರಾಗ ಒಬ್ಬಾಕಿ ಮುದುಕೀಗೆ ಅಂತ ಹೊಸಾ ಫ್ರಿಜ್ಜು ಇಳಿಸಿದ್ರು. ಆಕಿ ಮೊಣಕಾಲತನಾ ಹಿಮದಾಗ ಕಾಯ್ಕೋತ ನಿಂತಿದ್ಲು. ‘ಈಕಿ ಅದನ್ನ ತಗೊಂಡು ಮಾಡೂದಾರೂ ಏನ? ಬಾಗಲಾ ತಗದಿಟ್ರ ಸಾಕಲ್ಲ’ ಅಂದ್ರು ನಮ್ಮವರು. ಭಾಳ ನಗಸ್ತಿದ್ರು. ಆಮ್ಯಾಲ ಆಕಾಶದಾಗಿನ ಆ ಬೆಳಕು ಕೇಳ್ತೀಯಲ್ಲ, ಅದು ಕಂಡಿತು. ನನಗ ಕಂಡಿತು.”

ಇಷ್ಟು ಹೇಳಿ ಅಂಬುಜಾಬಾಯಿ ತಾನು ಕುಡಿದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು. ಇದು ೨೦೦೬ರ ಜನವರಿಯ ಮಾತು. ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಅವಳ ಗೆಳತಿ ಉಷಾಳ ಮನೆ. ಉಷಾಳ ಸೊಸೆ ಸ್ಪಂದನಾ ನಾರ್ವೆಯ ಹಡಗಿಗೆ ಟಿಕೆಟ್ ತೆಗೆಸಿ, ಬಣ್ಣದ ಚಿತ್ರದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, “ಆಂಟಿ, ನೀವು ಹೋಗಿ ಬಂದೀರಲ್ಲ, ಏನೇನು ತಗೊಂಡು ಹೋಗಬೇಕು?” ಎಂದು ಕೇಳಿದ್ದಳು. ಅಂಬುಜಾಬಾಯಿಯ ಗಂಡ ಪಾಂಡುರಂಗರಾಯರು ತೀರಿಹೋಗಿ ಎರಡು ತಿಂಗಳಾಗಿತ್ತಷ್ಟೇ. ಕೇಳಬಾರದಿತ್ತೇನೋ ಎಂದು ಸ್ಪಂದನಾ ಅತ್ತೆಯ ಮುಖ ನೋಡಿದಳು. ಒಳಗೆ ನಲ್ಲಿಯ ಸದ್ದು, ಕಪ್ಪು ತೊಳೆಯುವ ಸದ್ದು.

ಅಂಬುಜಾ ಧಾರವಾಡದ ಹುಡುಗಿ. ಎಪ್ಪತ್ತನಾಲ್ಕರಲ್ಲಿ ಮದುವೆಯಾಗಿ ಲಂಡನ್ನಿನ ಕೆಂಟನ್ನಿಗೆ ಬಂದಳು. ಲಂಡನ್ನಿಗೆ ಕೊಟ್ಟಿದ್ದಾರೆ ಅಂದಮೇಲೆ ಗಂಡ ಡಾಕ್ಟರನೇ ಇರಬೇಕು ಎಂದು ಓಣಿಯವರೆಲ್ಲ ತಿಳಿದಿದ್ದರು. ಪಾಂಡುರಂಗರಾಯರು ಡಾಕ್ಟರಲ್ಲ. ದೊಡ್ಡದೊಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಕ್ಸ್‌ರೇ ಫಿಲ್ಮು ತೊಳೆಯುವ ಕತ್ತಲೆ ಕೋಣೆಯಲ್ಲಿ ಅವರ ಕೆಲಸ. ಗೋಡೆಗೊಂದು ಮಂಕು ಕೆಂಪು ದೀಪ, ಮೂರು ತೊಟ್ಟಿ, ಹುಳಿ ವಾಸನೆ. ಫಿಲ್ಮನ್ನು ಪೆಟ್ಟಿಗೆಯಿಂದ ತೆಗೆಯುವುದು, ಅದ್ದುವುದು, ಎತ್ತುವುದು ಎಲ್ಲ ಬೆರಳಿನ ಅಂದಾಜಿನಲ್ಲೇ. “ನನ್ನ ಕಣ್ಣು ಇಲ್ಲಿ ಅವ” ಎಂದು ಹೆಂಡತಿಗೆ ಬೆರಳ ತುದಿ ತೋರಿಸುತ್ತಿದ್ದರು. ಲಂಡನ್ನಿನ ಸಾವಿರಾರು ಜನರ ಮುರಿದ ಎಲುಬುಗಳು ಆ ಬೆರಳುಗಳ ಕೆಳಗೆ ಹಾದುಹೋದವು.

ಎಂಬತ್ತೆಂಟರಲ್ಲಿ ಕಣ್ಣಿನ ಡಾಕ್ಟರರು ರಾಯರನ್ನು ಕೂರಿಸಿ ಹೇಳಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತಿದೆ, ನೋಟ ಕೊಳವೆಯೊಳಗಿಂದ ನೋಡಿದಂತೆ ಕಿರಿದಾಗುತ್ತ ಬರುತ್ತದೆ, ಔಷಧವಿಲ್ಲ. ಇನ್ನೊಂದು ಮಾತನ್ನೂ ಹೇಳಿದ್ದರು. ರಾಯರು ಮನೆಗೆ ಬಂದು ಹೆಂಡತಿಗೆ ಕೊಳವೆಯ ಸಂಗತಿಯನ್ನಷ್ಟೇ ಹೇಳಿದರು. ಇನ್ನೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರು.

ಅದಾದ ಮೇಲಿನ ರಥಸಪ್ತಮಿಯ ದಿನ ಅಂಬುಜಾ ಸೂರ್ಯನಿಗೆ ಹರಕೆ ಹೊತ್ತಳು. ಕಣ್ಣಿಗೆ ಒಡೆಯ ಅವನೇ ತಾನೆ. ದಿನಾ ನಿನ್ನ ಮುಖ ನೋಡದೆ ಬೇಯಿಸಿದ್ದನ್ನು ಬಾಯಿಗಿಡುವುದಿಲ್ಲ, ಇವರ ದೃಷ್ಟಿಯೊಂದನ್ನು ಉಳಿಸಿಕೊಡು ಎಂದಳು. ಧಾರವಾಡದಲ್ಲಾದರೆ ಅದೇನು ಕಷ್ಟದ ಹರಕೆ! ಲಂಡನ್ನಿನಲ್ಲಿ ನವೆಂಬರ್ ಬಂತೆಂದರೆ ಸೂರ್ಯ ವಾರಕ್ಕೊಮ್ಮೆ ಕಂಡರೆ ಹೆಚ್ಚು. ಅವನು ಕಾಣದ ದಿನ ಹಾಲು, ಬಾಳೆಹಣ್ಣು. ಬೇಸಿಗೆಯಲ್ಲಿ ಎದುರು ಮನೆಯ ಹೊಗೆಗೂಡಿನ ಎಡಕ್ಕೆ, ಡಿಸೆಂಬರಿನಲ್ಲಿ ಮೂಲೆಯ ಚರ್ಚಿನ ಬೋಳು ಮರದ ಸಂದಿಯಲ್ಲಿ, ಯಾವ ತಿಂಗಳು ಅವನು ಎಲ್ಲಿ ಇಣುಕುತ್ತಾನೆಂದು ಅವಳಿಗೆ ಬಾಯಿಪಾಠವಾಗಿತ್ತು. ಎಷ್ಟೋ ಸಲ ಬಸ್ಸಿನಲ್ಲಿದ್ದಾಗ ಮೋಡ ಸರಿದು, ಇಳಿದು ಕೈಮುಗಿದು, ಹಿಂದೆ ಬರುವ ಬಸ್ಸಿಗೆ ಕಾದು ನಿಂತಿದ್ದಾಳೆ.

“ನಿಮ್ಮ ದೇವರಿಗೆ ವೀಸಾ ಸಿಕ್ಕಿಲ್ರೀ ಅಂಬುಜಾಬಾಯಿ, ಅದಕ್ಕ ಈ ಊರಿಗೆ ಬರಂಗಿಲ್ಲ ಅಂವ” ಎಂದು ಉಷಾ ಚೇಷ್ಟೆ ಮಾಡುತ್ತಿದ್ದಳು.

“ವಿಸಿಟರ್ ವೀಸಾ ಅದ ಬಿಡ್ರಿ. ಬಂದು ಬಂದು ಹೋಗ್ತಾನ” ಎನ್ನುತ್ತಿದ್ದಳು ಅಂಬುಜಾ.

ಮಗಳು ಮಾಳವಿಕಾ ಮಾತ್ರ ಸಿಟ್ಟಾಗುತ್ತಿದ್ದಳು. “ಅಮ್ಮಾ, ದಿಸ್ ಈಸ್ ಸಿಲ್ಲಿ. ಯೂ ಲುಕ್ ಲೈಕ್ ಎ ಸ್ಟಿಕ್.” ಅಂಬುಜಾ ನಕ್ಕು ಮಗಳ ತಟ್ಟೆಗೆ ಇನ್ನೊಂದು ಚಪಾತಿ ಹಾಕುತ್ತಿದ್ದಳು. ಹರಕೆ ಫಲಿಸುತ್ತಿದೆ ಎಂದೇ ಅವಳ ನಂಬಿಕೆ. ರಾಯರು ಕನ್ನಡಕ ಮೂಗಿಗೇರಿಸಿ ಪೇಪರು ಓದುತ್ತಿದ್ದರಲ್ಲ, ಕೆಲಸಕ್ಕೆ ಹೋಗಿ ಬರುತ್ತಿದ್ದರಲ್ಲ. ಚಳಿಗಾಲದ ಸಂಜೆ ಅವರು ಟ್ಯೂಬ್ ರೈಲು ಇಳಿಯುವ ಹೊತ್ತಿಗೆ ಅವಳು ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದಳು. ಅವರು ಅವಳ ತೋಳು ಹಿಡಿದುಕೊಂಡೇ ಮನೆಯವರೆಗೂ ನಡೆಯುತ್ತಿದ್ದರು. “ಮಂದಿ ನೋಡ್ತಾರ, ಬಿಡ್ರಿ” ಎಂದರೆ, “ನೋಡ್ಲಿ. ನಾವೂ ಬಿಳೇ ಮಂದೀಗತೆ ಆಗೂಣು” ಎನ್ನುತ್ತಿದ್ದರು. ನಾಚಿಕೆಯಾಗುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಆಸ್ಪತ್ರೆಗೆ ಹೊಸ ಯಂತ್ರ ಬಂದು ಕತ್ತಲೆ ಕೋಣೆಗೆ ಬೀಗ ಬಿತ್ತು. ರಾಯರಿಗೆ ಬೀಳ್ಕೊಡುಗೆಯಾಯಿತು. ಜೊತೆಯವರೆಲ್ಲ ಸೇರಿ ಒಂದು ಲಕೋಟೆ ಕೊಟ್ಟರು. ಒಳಗೆ ನಾರ್ವೆಯ ದಡ ಹಿಡಿದು ಉತ್ತರದ ತುದಿಯವರೆಗೆ ಹೋಗಿ ಬರುವ ಹಡಗಿನ ಎರಡು ಟಿಕೆಟ್ಟು. ಚಳಿಗಾಲದ ರಾತ್ರಿ ಅಲ್ಲಿಯ ಆಕಾಶದಲ್ಲಿ ಹಸಿರು ಬೆಳಕು ಆಡುತ್ತದಂತೆ. “ಇಪ್ಪತ್ತನಾಲ್ಕು ವರ್ಷ ಬರೀ ಕತ್ತಲೆ ನೋಡಿದಿರಿ, ಈಗ ಬೆಳಕು ಕುಣಿಯುವ ಕತ್ತಲೆ ನೋಡಿ ಬನ್ನಿ” ಎಂದು ಮೇಲಧಿಕಾರಿ ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ರಾಯರೂ ನಕ್ಕು ಲಕೋಟೆಯನ್ನು ಕೋಟಿನ ಜೇಬಿಗಿಟ್ಟುಕೊಂಡರು.

ಮನೆಯಲ್ಲಿ ಅವರು, “ಥಂಡಿ ಭಾಳ, ಹೋಗೂದು ಬ್ಯಾಡ ತಗೋ” ಎಂದು ನೋಡಿದರು. ಅಂಬುಜಾ ಕೇಳಲಿಲ್ಲ. ಕೊಳವೆ ಪೂರ್ತಿ ಮುಚ್ಚುವುದರೊಳಗೆ ಈ ಮನುಷ್ಯ ಒಮ್ಮೆಯಾದರೂ ಕಣ್ತುಂಬ ಏನನ್ನಾದರೂ ನೋಡಬೇಕು, ಆಮೇಲೆ ಬೇಕಾದಷ್ಟು ದಿನ ನೆನೆಸಿಕೊಳ್ಳಲಿ. ಅವಳಿಗೆ ಬೇಕಾದದ್ದು ಅಷ್ಟೇ. ಟಿಕೆಟ್ಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು.

ಬರ್ಗೆನ್‌ನಲ್ಲಿ ಹಡಗು ಹತ್ತಿದಾಗ ಮಳೆ. ನಾಲ್ಕನೆಯ ದಿನ ಮಳೆ ನಿಂತು ಆಕಾಶ ಗಾಜಿನಂತೆ ಶುಭ್ರವಾಯಿತು, ಆದರೆ ಸೂರ್ಯನ ಸುಳಿವಿಲ್ಲ. ಕೌಂಟರಿನಲ್ಲಿದ್ದ ಹುಡುಗಿಯನ್ನು ಅಂಬುಜಾ ತನಗೆ ಬಂದ ಇಂಗ್ಲಿಷಿನಲ್ಲಿ, ಸೂರ್ಯೋದಯ ಎಷ್ಟು ಗಂಟೆಗೆ ಎಂದು ಕೇಳಿದಳು. ಹುಡುಗಿ ಕ್ಯಾಲೆಂಡರ್ ನೋಡಿ, “ಮುಂದಿನ ಊರಿನಲ್ಲಾ? ಮುಂದಿನ ವಾರ, ಮೇಡಂ” ಎಂದಳು.

ರಾಯರಿಗೆ ನಗು ತಡೆಯಲಾಗಲಿಲ್ಲ. “ಅಂವನ ಸೂಟಿ ತಗೊಂಡಾನ, ನೀನೂ ತಗೋ. ಉಣ್ಣು ಅಂಬು.”

“ಸೂಟಿ ತಗೊಳ್ಳಿಕ್ಕೆ ಇದೇನು ನೌಕರಿ ಏನ್ರಿ?”

“ಹತ್ತು ವರ್ಷಾತು. ಒಂದು ನಾಕು ದಿನಕ್ಕ ಏನೂ ಆಗೂದಿಲ್ಲ.”

“ಆದ್ರ? ಇಷ್ಟು ದೂರ ಬಂದು, ನೀವು ಆ ಬೆಳಕು ನೋಡೂ ಹೊತ್ತಿಗೇ ನಾ ತಪ್ಪಿದ್ರ?”

ಮುಂದಿನ ಮೂರು ದಿನವೂ ಅವಳು ಹಾಲು, ಬಾಳೆಹಣ್ಣಿನಲ್ಲೇ ಕಳೆದಳು. ಹಡಗು ಟ್ರೊಮ್ಸೊ ದಾಟಿತು, ಹ್ಯಾಮರ್‌ಫೆಸ್ಟ್ ದಾಟಿತು. ಮಧ್ಯಾಹ್ನ ಮೇಲೆ ನಿಂತು ಆ ಕೆಂಪನ್ನೇ ದಿಟ್ಟಿಸುವಳು. “ನನ್ನ ಕೋಣಿ ದೀಪದಂಗ ಅದ” ಎನ್ನುವರು ರಾಯರು. ಕೆಳಗಿಳಿಯುವಾಗ ಅವರು ಅವಳ ತೋಳು ಹಿಡಿದುಕೊಳ್ಳುವರು.

ಹಾಗೆ ಕಳೆದ ಮೂರನೆಯ ದಿನ ಸಂಜೆ ಐದಕ್ಕೆ, ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಸ್ಪೀಕರಿನಲ್ಲಿ ಕೂಗಿದರು, ಬೆಳಕು ಬಂದಿದೆ ಎಂದು. ಜನ ಕೋಟು ಎಳೆದುಕೊಂಡು ಮೇಲೋಡಿದರು. ಅಂಬುಜಾ ಗಂಡನಿಗೆ ಟೊಪ್ಪಿಗೆ ಹಾಕಿ ಕರೆದೊಯ್ದು ಕಟಕಟೆಗೆ ನಿಲ್ಲಿಸಿ, ಎಲ್ಲೋ ಬಿದ್ದುಹೋದ ತನ್ನ ಕೈಗವಸು ಹುಡುಕುತ್ತ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ತಲೆಯೆತ್ತಿದರೆ ಆಕಾಶದ ತುಂಬ ಹಸಿರು. ಅಲ್ಲಾಡುತ್ತಿದೆ, ಮಡಿಚಿಕೊಳ್ಳುತ್ತಿದೆ, ಬಿಚ್ಚಿಕೊಳ್ಳುತ್ತಿದೆ. ಅವಳಿಗೆ ಅಳು ಬಂತು.

“ಅಬಾ! ಏನ್ ಹಸರು ಅಂಬು! ನೋಡಿದ್ಯಾ? ನೋಡಲ್ಲಿ!” ಎಂದು ರಾಯರು ಕೂಗಿದರು.

ಅವಳು ಅವರತ್ತ ತಿರುಗಿದಳು. ಜನರೆಲ್ಲ ಉತ್ತರಕ್ಕೆ ಮುಖ ಮಾಡಿದ್ದರು. ರಾಯರೊಬ್ಬರೇ ಹಡಗಿನ ಹೊಗೆಕೊಳವೆಯ ಕಡೆ ತಿರುಗಿ, ಬಾಯಿ ತೆರೆದು, ಕಣ್ಣರಳಿಸಿ ನಿಂತಿದ್ದರು. ಬೆರಳು ಅದನ್ನೇ ತೋರಿಸುತ್ತಿತ್ತು. ಆ ಬೆರಳನ್ನು ನೋಡುತ್ತಿದ್ದಂತೆ ಅವಳಿಗೆ ಸ್ಟೇಷನ್ನಿನಿಂದ ಮನೆಯವರೆಗಿನ ದಾರಿ ನೆನಪಾಯಿತು. ಕತ್ತಲಾದ ಮೇಲೆ ಮಾತ್ರ ಹಿಡಿಯುತ್ತಿದ್ದ ತೋಳು. ಬೇಸಿಗೆಯ ಸಂಜೆಗಳಲ್ಲಿ, ಬೆಳಕಿದ್ದಾಗ, ಒಮ್ಮೆಯೂ ಹಿಡಿದಿರಲಿಲ್ಲ.

“ಗಾಳಿ ಬಡೀತದ್ರಿ, ಈ ಕಡೆ ತಿರುಗ್ರಿ” ಎಂದು ಮೆಲ್ಲಗೆ ಅವರ ಭುಜ ಹಿಡಿದು ಉತ್ತರಕ್ಕೆ ತಿರುಗಿಸಿದಳು. ಅವರು ಆ ಕಡೆಗೂ ಹಾಗೆಯೇ ಅರಳಿದ ಮುಖದಿಂದ ನೋಡಿದರು.

“ಹಸರು” ಎಂದರು ಮತ್ತೆ.

“ಹೌದ್ರಿ. ಹಸರು.”

ಊಟದ ಹೊತ್ತಿಗೆ ಇಬ್ಬರೂ ಕೆಳಗೆ ಬಂದು ಕುಳಿತರು. ದಿನದಂತೆ ಬಾಳೆಹಣ್ಣು ತರಲು ಹೊರಟ ಬಡಿಸುವ ಹುಡುಗಿಯನ್ನು ಅಂಬುಜಾ ತಡೆದಳು. ಬೇಯಿಸಿದ ಆಲೂಗಡ್ಡೆ, ಕೋಸಿನ ಪಲ್ಯ, ಬ್ರೆಡ್ಡು ಹಾಕಿಸಿಕೊಂಡಳು. ಉಪ್ಪು ಚಿಮುಕಿಸಿ ತಿನ್ನತೊಡಗಿದಳು. ಎದುರಿಗೆ ರಾಯರ ಚಮಚ ನಿಂತಿತು.

“ಅಂಬು. ಸೂರ್ಯ ಕಂಡನೇನ?”

“ಇಲ್ರಿ. ಹಸಿವ್ಯಾತು.”

ರಾಯರು ಅವಳು ಅಗಿಯುವುದನ್ನೇ ಕೇಳಿಸಿಕೊಳ್ಳುತ್ತಿದ್ದರೇನೋ. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಮದಲ ನಾ ಯಾವ ಕಡೆ ನೋಡ್ಲಿಕ್ಕತ್ತಿದ್ದೆ?”

“ಹೊಗಿ ಕೊಳವಿ ಕಡೆ.”

“ಅದರ ಬಣ್ಣ?”

“ಬಿಳೀದು.”

“ಬಿಳೇ ಕೊಳವಿಗೆ ನಾ ಅಬಾ ಅಂದೆ!” ರಾಯರು ನಕ್ಕರು. ಅವಳಿಗೂ ನಗು ಬಂತು. ನಗುತ್ತ ನಗುತ್ತಲೇ ಅವರ ಕೆನ್ನೆ ಒದ್ದೆಯಾಯಿತು. ಡಾಕ್ಟರು ಹೇಳಿದ್ದ ಇನ್ನೊಂದು ಮಾತನ್ನು ಆಗ ಹೇಳಿದರು. ಈ ರೋಗದಲ್ಲಿ ಮೊದಲು ಹೋಗುವುದು ಕತ್ತಲಲ್ಲಿ ನೋಡುವ ಶಕ್ತಿ. ಎಂಬತ್ತೆಂಟಕ್ಕೂ ಮೊದಲೇ ಅದು ಹೋಗಿತ್ತು. ಕತ್ತಲೆ ಕೋಣೆಯಲ್ಲಿ ಯಾರಿಗೂ ನೆಟ್ಟಗೆ ಕಾಣುವುದಿಲ್ಲವಾದ್ದರಿಂದ ಅವರಿಗೆ ಕಾಣದ್ದು ಯಾರಿಗೂ ತಿಳಿಯಲಿಲ್ಲ.

“ನನಗ ಯಾಕ ಹೇಳಲಿಲ್ರಿ?”

“ನೀ ಕೊಳವಿ ಮಾತು ಕೇಳೇ ಅರ್ಧಾ ಊಟ ಬಿಟ್ಟಿ. ಹೇಳಿದ್ರ ಪೂರ್ತಿ ಬಿಡ್ತಿದ್ದಿ.” ತಮ್ಮ ಬ್ರೆಡ್ಡಿಗೆ ಬೆಣ್ಣೆ ಸವರಿ, ತಡವರಿಸಿ ಅವಳ ತಟ್ಟೆಯ ಅಂಚಿಗಿಟ್ಟರು. “ಹೇಳು, ಹೆಂಗಿತ್ತು?”

“ಹಸರು ಇಳಕಲ್ ಸೀರಿ ಹಿಂಡಿ, ಝಾಡಿಸಿ ಒಣಗಹಾಕಿಧಂಗ ಇತ್ರಿ. ಗಾಳಿಗೆ ಸೆರಗು ಹಾರ್ತಿತ್ತು. ಅಂಚು ಕೆಂಪು.”

“ಕಂಡಿತು ಬಿಡು” ಎಂದರು ರಾಯರು.

ಹಡಗು ದಕ್ಷಿಣಕ್ಕೆ ತಿರುಗಿ ಬರುವಾಗ ಒಂದು ದಿನ ಬೆಟ್ಟದ ಸಂದಿಯಿಂದ ಸೂರ್ಯ ಹೊರಬಂದ. ಅಂಬುಜಾ ಕೈಮುಗಿದಳು. ಆ ಹೊತ್ತಿಗೆ ಅವಳ ತಿಂಡಿಯಾಗಿತ್ತು.

ಎರಡು ವರ್ಷದಲ್ಲಿ ಕೊಳವೆ ಪೂರ್ತಿ ಮುಚ್ಚಿತು. ರಾಯರು ಕಷ್ಟಪಡಲಿಲ್ಲ ಎಂದರೆ ಸುಳ್ಳು. ಮೊದಲ ಚಳಿಗಾಲ ಅವರು ಯಾರೊಡನೆಯೂ ಮಾತಾಡಲಿಲ್ಲ, ರೇಡಿಯೋ ಹಚ್ಚಿದರೂ ಸಿಡುಕುತ್ತಿದ್ದರು. ಒಂದು ದಿನ ತಾವಾಗಿಯೇ ಅಡಿಗೆಮನೆಗೆ ಬಂದು ಪಾತ್ರೆ ತೊಳೆಯಲು ನಿಂತರು. ತೊಟ್ಟಿ, ನೀರು, ಅದ್ದುವುದು, ಎತ್ತುವುದು. ಬೆರಳಿಗೆ ತನ್ನ ಕೆಲಸ ನೆನಪಿತ್ತು. ಅಂದಿನಿಂದ ಆ ಮನೆಯಲ್ಲಿ ಲೋಟಗಳು ಬಲಕ್ಕೆ, ತಟ್ಟೆಗಳು ನಡುವೆ, ಬೋಗುಣಿಗಳ ಹಿಡಿಗಳೆಲ್ಲ ಎಡಕ್ಕೆ. ಮಾಳವಿಕಾ ಬಂದು ಏನಾದರೂ ಆಚೀಚೆ ಇಟ್ಟರೆ, “ಯಾರವರು ನನ್ನ ಕೋಣ್ಯಾಗ ಬಂದವರು?” ಎಂದು ರಾಯರು ಗದರುವರು. ಎರಡು ಸಾವಿರದ ಐದರ ನವೆಂಬರಿನಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರುವ ತನಕವೂ ಪಾತ್ರೆ ತೊಳೆದರು.

ಕ್ವೀನ್ಸ್‌ಬರಿಯಲ್ಲಿ ಚಹಾ ಕುಡಿದು ಬಂದ ಮರುದಿನ ಅಂಬುಜಾಬಾಯಿ ಏಳಕ್ಕೆ ಎದ್ದಳು. ಹೊರಗೆ ಇನ್ನೂ ಬೆಳಗಾಗಿರಲಿಲ್ಲ, ಚರ್ಚಿನ ಮರ ಕಾಣುತ್ತಿರಲಿಲ್ಲ. ಒಗ್ಗರಣೆಯ ಅವಲಕ್ಕಿ ಮಾಡಿಕೊಂಡು ನಿಂತೇ ತಿಂದಳು. ಹಾಲಿನ ಬೋಗುಣಿಗೆ ನೀರು ಹಾಕಿ, ತಳಕ್ಕೆ ಹತ್ತಿದ ಕೆನೆಯನ್ನು ಉಗುರಿನಿಂದ ಕೆರೆದು, ತೊಳೆದು, ಒರೆಸಿ, ಹಿಡಿ ಎಡಕ್ಕೆ ಬರುವಂತೆ ಕಟ್ಟೆಯ ಮೇಲೆ ಕವುಚಿಟ್ಟಳು.