ಸರ್ಕಾರಕ್ಕೆ ಗೊತ್ತಿದ್ದ ಎರಡು ಮರ

ದಾವಣಗೆರೆಯ ಹದಡಿ ರಸ್ತೆಯಲ್ಲಿ ಬಡಗಿ ಅಂಗಡಿ ಇಟ್ಟಿದ್ದ ಹಿದಾಯತ್ ಸಾಬರಿಗೆ ಬೀಡಿಯ ಚಟವಿರಲಿಲ್ಲ, ಎಲೆಅಡಿಕೆಯ ಚಟವಿರಲಿಲ್ಲ. ಇದ್ದದ್ದು ಒಂದೇ ಚಟ, ಮರದ ಹೊಟ್ಟು ನೆಕ್ಕುವುದು. ಅಂಗಡಿಗೆ ಯಾವ ಹಲಗೆ ಬಂದರೂ ಮೊದಲು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಆಮೇಲೆ ಗರಗಸದ ಹೊಟ್ಟನ್ನು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ಒಗರಾದರೆ ಮತ್ತಿ. ಕಹಿಯಾದರೆ ಬೇವು. ಹಳೇ ಚರ್ಮದ ವಾಸನೆ ಮೂಗಿಗೇರಿ ನಾಲಿಗೆಗೆ ಎಣ್ಣೆಯ ಜಿಡ್ಡು ಹತ್ತಿದರೆ ತೇಗ. ಏನೂ ಇಲ್ಲದೆ ಉಪ್ಪಿಲ್ಲದ ಅಂಬಲಿಯ ಹಾಗೆ ಸಪ್ಪಗಿದ್ದರೆ ಮಾವು.

“ನನ್ನ ಸಾರಿಗೆ ಉಪ್ಪು ಬಿದ್ದಿಲ್ಲ ಅನ್ನದು ಅರ್ಧ ಊಟ ಆದಮ್ಯಾಲೆ ಗೊತ್ತಾಗ್ತೈತೆ ಈ ನಾಲಿಗೆಗೆ. ಹೊಟ್ಟಿನ ರುಚಿ ಮಾತ್ರ ಇಟ್ಟ ಕೂಡ್ಲೆ ತಿಳೀತೈತೆ. ಮುಂದಿನ ಜನ್ಮ ಅಂತಿದ್ರೆ ಗೆದ್ದಲು ಆಗಿ ಹುಟ್ಟೋನು” ಎಂದು ಹೆಂಡತಿ ಸುಗ್ರಾಬಿ ಅನ್ನುತ್ತಿದ್ದಳು.

ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಜಮಾಲುದ್ದೀನ್ ಹರಿಹರದ ಹೊಳೆದಂಡೆಯಲ್ಲಿ ಗಾಡಿ ಮಾಡುತ್ತಿದ್ದವರು. ಮಗನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಚಕ್ಕೆ ಕೊಟ್ಟು ಹೆಸರು ಕೇಳುತ್ತಿದ್ದರು. ತಪ್ಪಿದರೆ ಚಕ್ಕೆಯಲ್ಲೇ ಏಟು. ಗಾಲಿಯ ನಡುವಿನ ಗುಂಬಕ್ಕೆ ಜಾಲಿ, ಯಾಕೆಂದರೆ ಅದು ಸವೆಯಲು ಒಪ್ಪದ ಹಟಮಾರಿ. ಕೊಡತಿಗೆ ಹುಣಸೆ, ಎಷ್ಟು ಬಡಿದರೂ ಸೀಳುವುದಿಲ್ಲ. ಬಾಗಿಲಿಗೆ ತೇಗ, ಮಳೆಗಾಲದಲ್ಲಿ ಉಬ್ಬಿ ಮನೆಯವರನ್ನು ಹೊರಗೆ ನಿಲ್ಲಿಸುವುದಿಲ್ಲ. ತೊಲೆಗೆ ಮತ್ತಿ ಅಥವಾ ಹೊನ್ನೆ. ಮಾವಿಗೆ? ಪೆಟ್ಟಿಗೆ, ಮಣೆ, ಬೆಂಚು. ನೆಲದ ಹತ್ತಿರದ ಕೆಲಸವೆಲ್ಲ ಮಾವಿಗೆ. “ಕೆಟ್ಟ ಮರ ಅಂತ ಯಾವ್ದೂ ಇಲ್ಲಪಾ. ಕೆಟ್ಟ ಜಾಗ ಇರ್ತಾವೆ” ಎನ್ನುತ್ತಿದ್ದರು ಅಪ್ಪ.

ರಬ್ಬರ್ ಟೈರಿನ ಗಾಡಿ ಬಂದು ಗುಂಬ, ಜಾಲಿ ಎರಡನ್ನೂ ಮೂಲೆಗೆ ತಳ್ಳಿದ ಮೇಲೆ ಹಿದಾಯತ್ ಸಾಬರು ದಾವಣಗೆರೆಗೆ ಬಂದರು. ಮಿಲ್ಲುಗಳ ಊರು. ಹತ್ತಿಯಲ್ಲಿ ದುಡ್ಡು ಮಾಡಿದವರು ಮನೆ ಕಟ್ಟಿಸುತ್ತಿದ್ದರು, ದುಡ್ಡಿನ ಹಿಂದೆಯೇ ಸಕ್ಕರೆ ಕಾಯಿಲೆಯನ್ನೂ ಕಟ್ಟಿಕೊಳ್ಳುತ್ತಿದ್ದರು. ಎರಡಕ್ಕೂ ಸಾಬರು ಬೇಕಾದರು. ಮನೆಗೆ ಬಾಗಿಲು, ಕಾಯಿಲೆಗೆ ಹೊನ್ನೆಯ ಲೋಟ. ಹೊನ್ನೆಯ ತಿರುಳಿನಲ್ಲಿ ಕಡೆದ ಲೋಟದಲ್ಲಿ ನೀರು ನೆನೆಸಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಇಳಿಯುತ್ತದೆಂದು ಊರ ನಂಬಿಕೆ. ಇಳಿಯುತ್ತದೋ ಇಲ್ಲವೋ, ನೀರಂತೂ ಚಹಾದ ಬಣ್ಣಕ್ಕೆ ತಿರುಗಿ, ಬಿಸಿಲಿಗೆ ಹಿಡಿದರೆ ನವಿಲುಗರಿಯ ಹಾಗೆ ನೀಲಿ ಮಿಂಚುತ್ತದೆ. ಹತ್ತಿ ವ್ಯಾಪಾರಿ ಮಲ್ಲೇಶಪ್ಪನವರು ವರ್ಷಕ್ಕೊಂದು ಲೋಟ ಸಾಬರಲ್ಲೇ ಮಾಡಿಸುತ್ತಿದ್ದರು. ನಯಾಪೈಸೆ ಬಂದ ಮರುವರ್ಷ ಮಾತ್ರ ಲೋಟಕ್ಕೆ ಹೇಳಿಕಳಿಸಲಿಲ್ಲ. ಕಾಯಿಲೆ ವಾಸಿಯಾಯಿತೇನೋ ಎಂದುಕೊಂಡು ಸಾಬರು ಸುಮ್ಮನಾದರು.

ಅದೇ ವರ್ಷ ಹದಡಿ ರಸ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಕಟ್ಟಡ ಎದ್ದಿತು. ಹೆಣ್ಣುಮಕ್ಕಳು ಓದಬೇಕೆಂದು ಊರ ಹಿರಿಯರಿಗೆ ಒಮ್ಮೆಲೇ ಜ್ಞಾನೋದಯವಾಗಿತ್ತು. ಅರ್ಧ ಖರ್ಚನ್ನು ಸರ್ಕಾರ ಕೊಡುತ್ತದೆಂಬ ಆದೇಶ ಬಂದ ವಾರದಲ್ಲೇ ಆಗಿತ್ತು. ಕಟ್ಟಡ ಸಮಿತಿಗೆ ಮಲ್ಲೇಶಪ್ಪನವರು ಅಧ್ಯಕ್ಷರು, ಮೈಲಾರಲಿಂಗಪ್ಪ ಕಂಟ್ರಾಕ್ಟರು. ಸಾಬರಿಗೂ ಆ ಶಾಲೆಯ ಮೇಲೆ ಕಣ್ಣಿತ್ತು. ಮೊಮ್ಮಗಳು ಮುಮ್ತಾಜ್‌ಗೆ ಆರು ತುಂಬಿತ್ತು. ಜೂನಿನಲ್ಲಿ ಬಾಗಿಲು ತೆಗೆದರೆ ಆ ಸೂರಿನ ಕೆಳಗೆ ಕೂರುವವಳು ಅವಳೇ.

ಗೋಡೆ ಎದ್ದು ತೊಲೆ ಏರಿಸುವ ಹೊತ್ತಿಗೆ ಮೈಲಾರಲಿಂಗಪ್ಪ ಸಾಬರನ್ನು ಕರೆಸಿದ. ಅಂಗಳದಲ್ಲಿ ಹನ್ನೆರಡು ತೊಲೆಗಳು ಸಾಲಾಗಿ ಮಲಗಿದ್ದವು, ಒಂದೊಂದಕ್ಕೂ ನೀರಿನಲ್ಲಿ ಕಲಸಿದ ಕೆಮ್ಮಣ್ಣು ಬಳಿದು ಮದುವಣಗಿತ್ತಿಯ ಹಾಗೆ ಸಿಂಗರಿಸಿದ್ದರು. ಸಾಬರು ಗೆಣ್ಣಿನಿಂದ ಬಡಿದರು. ಹೊನ್ನೆಯಾಗಿದ್ದರೆ ಕಂಚಿನ ತಟ್ಟೆಯ ಹಾಗೆ ‘ಠಣ್’ ಅನ್ನಬೇಕಿತ್ತು. ಇದು ‘ದಬ್’ ಎಂದಿತು. ಉಗುರಿನಿಂದ ಬಣ್ಣ ಕೆರೆದು, ಒಳಗಿನ ಪುಡಿಯನ್ನು ನಾಲಿಗೆಗೆ ಇಟ್ಟರು.

“ಎಷ್ಟಿಟ್ಟಿದೀರಿ ಉಪ್ಪಿನಕಾಯಿಗೆ?” ಎಂದರು.

“ಯಾವ ಉಪ್ಪಿನಕಾಯಿ ಸಾಬ್ರೇ?”

“ಇಷ್ಟು ಮಾವಿನ ಮರ ಕಡಿಸೀರಲ್ಲ, ಕಾಯಿ ಏನ್ ಮಾಡಿದ್ರಿ ಅಂದೆ.”

ಮೈಲಾರಲಿಂಗಪ್ಪ ನಕ್ಕ. ಕಳ್ಳನಿಗೆ ಕೋಪ ಬರುತ್ತದೆಂದು ತಿಳಿದವರು ಕಂಟ್ರಾಕ್ಟರುಗಳನ್ನು ನೋಡಿಲ್ಲ. “ಹೆಗಲ ಮ್ಯಾಲೆ ಕೈ ಹಾಕಿ ಹೇಳ್ತೀನಿ ಕೇಳ್ರಿ. ಆಫೀಸಿನ ಪುಸ್ತಕದಾಗೆ ಇರೋದು ಎರಡೇ ಮರ. ಒಂದು ಟೀಕು. ಟೀಕು ಅಲ್ಲದ್ದೆಲ್ಲಾ ಜಂಗಲ್ ವುಡ್ಡು. ಹೊನ್ನೆನೂ ಜಂಗಲ್ ವುಡ್ಡೇ, ಮಾವೂ ಜಂಗಲ್ ವುಡ್ಡೇ. ನೀವ್ಯಾಕ ಜಾತಿ ಭೇದ ಮಾಡ್ತೀರಿ?”

ಮಾತು ಸುಳ್ಳಲ್ಲ. ಮನುಷ್ಯರನ್ನು ಎಣಿಸುವಾಗ ನೂರಾರು ಜಾತಿ ಹುಡುಕಿ ತೆಗೆಯುವ ಸರ್ಕಾರ ಮರದ ವಿಷಯದಲ್ಲಿ ಮಾತ್ರ ಸಮಾನತೆ ಸಾಧಿಸಿತ್ತು. ಜಮಾಲುದ್ದೀನರು ಏಟು ಕೊಟ್ಟು ಕಲಿಸಿದ ನಲವತ್ತು ಹೆಸರುಗಳನ್ನು ಯಾರೋ ಗುಮಾಸ್ತ ಒಂದು ಗೆರೆಯಲ್ಲಿ ಮುಗಿಸಿದ್ದ.

“ಮಾವಿಗೆ ಹುಳ ಬೀಳ್ತೈತೆ ಮೈಲಾರಲಿಂಗಪ್ನೋರೇ. ಎರಡು ಮಳೆಗಾಲ ತಡಕೋಬೌದು. ಮೂರನೇದಕ್ಕೆ ಮಕ್ಕಳ ತಲೆಮ್ಯಾಲೆ ಬರ್ತೈತೆ.”

“ಮೂರನೇ ಮಳೆಗಾಲಕ್ಕೆ ನಾನೆಲ್ಲೋ, ನೀವೆಲ್ಲೋ. ಸೋಮವಾರ ಅಧ್ಯಕ್ಷರು, ಓವರ್‌ಸಿಯರ್ರು ನೋಡಾಕ ಬರ್ತಾರೆ. ಎಸ್ಟಿಮೇಟಿನಾಗೆ ಹೊನ್ನೆ ಅಂತ ಅಧ್ಯಕ್ಷರೇ ಬರೆಸ್ಯಾರೆ. ನೀವು ‘ಹೌದು, ಹೊನ್ನೆ’ ಅಂದ್ರೆ ಮುಗೀತು. ಈ ಊರಾಗೆ ನೀವು ಹೊನ್ನೆ ಅಂದದ್ದೇ ಹೊನ್ನೆ. ಆಮೇಲೆ ಬಾಗಿಲು, ಕಿಟಕಿ, ಬೆಂಚು ಎಲ್ಲಾ ನಿಮ್ಮ ಕೈಗೇ.”

ಅಂದರೆ ಮೂವತ್ತು ವರ್ಷ ಹೊಟ್ಟು ನೆಕ್ಕಿ ಸಂಪಾದಿಸಿದ ನಾಲಿಗೆಯನ್ನು ಮೈಲಾರಲಿಂಗಪ್ಪ ಒಂದು ಮಾತಿಗೆ ಬಾಡಿಗೆಗೆ ಕೇಳುತ್ತಿದ್ದ.

ಸಾಬರು ಮನೆಗೆ ಬಂದು ಸುಗ್ರಾಬಿಗೆ ಹೇಳಿದರು. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಮಾವು ಅಂದ್ಬಿಡ್ರಿ.”

“ಅಂದ್ರೆ ಕೆಲಸ ಕೊಡಲಿಲ್ಲ ಅಂತ ಸಾಬ ಸುಳ್ಳು ಹುಟ್ಟಿಸ್ದ ಅಂತಾನೆ ಮೈಲಾರಲಿಂಗಪ್ಪ. ಓವರ್‌ಸಿಯರ್ ಪುಸ್ತಕ ತೆಗೀತಾನೆ. ಪುಸ್ತಕದಾಗೆ ಮಾವೂ ಇಲ್ಲ, ಹೊನ್ನೆನೂ ಇಲ್ಲ. ನನ್ನ ನಾಲಿಗೆ ಮಾತು ಅವರ ನಾಲಿಗೆಗೆ ಹೆಂಗೆ ಗೊತ್ತಾಗ್ಬೇಕು?”

“ಹಂಗಾದ್ರೆ ಅವರಿಗೂ ನೆಕ್ಕಿಸ್ರಿ” ಎಂದಳು ಸುಗ್ರಾಬಿ, ಕಲ್ಲೊಂದನ್ನು ಆರಿಸಿ ಆಚೆ ಎಸೆಯುತ್ತ.

ಸೋಮವಾರ ಬೆಳಿಗ್ಗೆ ಎಲ್ಲರೂ ಸೇರಿದರು. ಓವರ್‌ಸಿಯರ್ ಪುಸ್ತಕವನ್ನು ಎದೆಗವಚಿಕೊಂಡಿದ್ದ. ಮಲ್ಲೇಶಪ್ಪನವರು ಊರುಗೋಲಿನಿಂದ ತೊಲೆಯನ್ನು ಮುಟ್ಟಿ, “ಏನ್ ಹಿದಾಯತ್ತು, ಹೊನ್ನೆ ಹೌದಲ್ಲಪಾ?” ಎಂದರು. ಮೈಲಾರಲಿಂಗಪ್ಪ ಸಾಬರ ಬಾಯಿಯನ್ನೇ ನೋಡುತ್ತ ನಿಂತ.

“ನನ್ನ ಮಾತು ಯಾಕ ಯಜಮಾನ್ರೇ? ದಿನಾ ಹೊನ್ನೆ ಕುಡಿಯೋರು ನೀವು. ನೀವೇ ನೋಡಿ ಹೇಳ್ರಿ” ಎಂದರು ಸಾಬರು.

ಚೀಲದಿಂದ ಎರಡು ಗಾಜಿನ ಲೋಟ ತೆಗೆದು ಗೋಡೆಯ ಮೇಲೆ ಬಿಸಿಲಿಗೆ ಇಟ್ಟು ನೀರು ತುಂಬಿದರು. ಒಂದಕ್ಕೆ ತಮ್ಮ ಅಂಗಡಿಯಿಂದ ತಂದ ಹೊನ್ನೆಯ ತಿರುಳಿನ ಸಿಪ್ಪೆ ಹಾಕಿದರು. ಎಲ್ಲರ ಎದುರಿಗೇ ತೊಲೆಯ ಮೇಲೆ ಉಜ್ಜುಗೊರಡು ಎಳೆದು, ಬಂದ ಸಿಪ್ಪೆಯನ್ನು ಇನ್ನೊಂದಕ್ಕೆ ಹಾಕಿದರು. ಅಷ್ಟರಲ್ಲಿ ಮೈಲಾರಲಿಂಗಪ್ಪ ತರಿಸಿಟ್ಟಿದ್ದ ಖಾರ ಮಂಡಕ್ಕಿ ಬಂತು. ತಪಾಸಣೆಯೆಂದರೆ ಮುಖ್ಯವಾಗಿ ಅದೇ. ಮಂಡಕ್ಕಿ ಮುಗಿಯುವ ಹೊತ್ತಿಗೆ ಮೊದಲ ಲೋಟ ಚಹಾದ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ನೀಲಿ ಮಿಂಚಿತು. ಎರಡನೆಯದರಲ್ಲಿ ನೀರು ಕೆಂಪಗೆ ರಾಡಿಯಾಗಿ, ತಳದಲ್ಲಿ ಮಣ್ಣು ಕೂತಿತು. ಮೇಲೆ ತೇಲುತ್ತಿದ್ದ ಸಿಪ್ಪೆ ಬಣ್ಣ ಬಿಟ್ಟು ಬೆಳ್ಳಗಾಗಿತ್ತು.

“ಎರಡೂ ಜಂಗಲ್ ವುಡ್ಡೇ” ಎಂದ ಓವರ್‌ಸಿಯರ್, ಪುಸ್ತಕ ತೆರೆಯದೆ.

ಮಲ್ಲೇಶಪ್ಪನವರು ಕೆಂಪು ಲೋಟವನ್ನು ಎತ್ತಿ ಬಿಸಿಲಿಗೆ ಹಿಡಿದರು. ತಿರುಗಿಸಿದರು. ಮೂಸಿದರು. ಹಳೆಯ ಪರಿಚಯಸ್ಥನನ್ನು ಸಂತೆಯಲ್ಲಿ ಕಂಡವರ ಹಾಗೆ ಅವರ ಹುಬ್ಬು ಗಂಟಿಕ್ಕಿತು.

“ಮೈಲಾರಲಿಂಗಪ್ಪ,” ಎಂದರು, “ಯುಗಾದಿಗೆ ನನಗೊಂದು ಲೋಟ ಕೊಟ್ಯಲ್ಲ. ಯಾವ ಮರದ್ದು ಅಂದಿದ್ದೆ?”

ಮೈಲಾರಲಿಂಗಪ್ಪ ತೊಲೆಗಳ ಕಡೆ ನೋಡಿದ, ತೊಲೆಗಳು ಸಹಾಯಕ್ಕೆ ಬರಲಿಲ್ಲ. “ಹೊನ್ನೆ... ಯಜಮಾನ್ರೇ.”

“ಶಾಲೆ ತೊಲೆ ಲಾಟಿನಾಗೇ ಒಳ್ಳೇ ತುಂಡು ಆರಿಸಿ ನಿಮಗೆ ಅಂತ ಕಡೆಸೀನಿ ಅಂದಿದ್ದೆ.”

“ಅಂದಿದ್ದೆ.”

“ದಿನಾ ಬೆಳಿಗ್ಗೆ ಹಿಂಗೇ ಕೆಂಪಗೆ ಬರ್ತೈತೆ ನೀರು. ತಳದಾಗೆ ರಾಡಿ. ಹೊಸ ಲೋಟ, ಸತ್ವ ಜಾಸ್ತಿ ಅಂದೆ ನೀನು. ಸತ್ವ ಬಿಡಬಾರ್ದು ಅಂತ ರಾಡಿನೂ ಕುಡದೆ ನಾನು. ಎರಡು ತಿಂಗಳು, ಮಗನೇ, ಕೆಮ್ಮಣ್ಣು ಕುಡಿಸೀಯಾ ನನಗೆ.”

ಆಮೇಲಿನ ಮಾತುಗಳು ಅಚ್ಚಿಗೆ ಯೋಗ್ಯವಲ್ಲ. ಆದರೆ ಅಷ್ಟು ದೀರ್ಘವಾದ ಬೈಗುಳದಲ್ಲಿ ಹೊಟ್ಟೆ ಬಂತು, ಕರುಳು ಬಂತು, ಸಕ್ಕರೆ ಬಂತು, ಮೈಲಾರಲಿಂಗಪ್ಪನ ತಾಯಿ ಬಂದಳು. ಹೆಣ್ಣುಮಕ್ಕಳು ಒಂದು ಸಲವೂ ಬರಲಿಲ್ಲ. ಅಂಗಳದಲ್ಲಿ ಮಲಗಿದ್ದ ಹನ್ನೆರಡು ತೊಲೆ ಯಾರ ತಲೆಯ ಮೇಲೆ ಏರಬೇಕಿತ್ತು ಎಂಬುದು ಸಾಬರನ್ನು ಬಿಟ್ಟು ಯಾರಿಗೂ ಹೊಳೆಯಲಿಲ್ಲ. ಅವರು ಅದನ್ನು ನೆನಪಿಸಲು ಒಮ್ಮೆ ಬಾಯಿ ತೆರೆದವರು, ಮತ್ತೆ ಮುಚ್ಚಿಕೊಂಡರು. ಅಧ್ಯಕ್ಷರ ಕರುಳಿನ ಸಿಟ್ಟಿನಿಂದಲೇ ಸೂರು ಗಟ್ಟಿಯಾಗುವುದಾದರೆ ಆಗಲಿ.

ಆಯಿತು. ಎಂಟೇ ದಿನದಲ್ಲಿ ಹರಿಹರದ ಮರದ ಅಡ್ಡೆಯಿಂದ ನಿಜವಾದ ಹೊನ್ನೆ ತೊಲೆಗಳು ಲಾರಿಯಲ್ಲಿ ಬಂದವು. ಸಾಬರು ಹನ್ನೆರಡನ್ನೂ ಬಡಿದು, ಹನ್ನೆರಡನ್ನೂ ನೆಕ್ಕಿ, ತಾವೇ ನಿಂತು ಏರಿಸಿದರು. ಬದಲಾವಣೆಗೆ ಕಾರಣ ಬರೆಯಲೇಬೇಕಲ್ಲ, ಓವರ್‌ಸಿಯರ್ ಯೋಚಿಸಿ ಯೋಚಿಸಿ ಕಡತದಲ್ಲಿ ಹೀಗೆ ಬರೆದ: “ಜಂಗಲ್ ವುಡ್ ತೆಗೆದು ಜಂಗಲ್ ವುಡ್ ಹಾಕಲಾಗಿದೆ. ಕಾರಣ: ಅಧ್ಯಕ್ಷರ ಅನಾರೋಗ್ಯ.”

ಮಾವಿನ ತೊಲೆಗಳನ್ನು ಸಾಬರು ಬಿಡಲಿಲ್ಲ. ಕೆಮ್ಮಣ್ಣನ್ನು ಹೆರೆದು ತೆಗೆದು, ಸೀಳಿಸಿ, ಶಾಲೆಗೆ ಬೆಂಚು ಮಾಡಿದರು. ಯಾವ ಮರ ಎಂದು ಕೇಳಿದವರಿಗೆಲ್ಲ “ಮಾವು” ಎಂದೇ ಹೇಳಿದರು. ಮಲ್ಲೇಶಪ್ಪನವರು ಹೊಸ ಲೋಟಕ್ಕೆ ಹೇಳಿಕಳಿಸಿದಾಗ, “ಅವರಿಗೂ ಒಂದು ಮಾವಿಂದೇ ಕಡದು ಕೊಡ್ರಿ, ರೂಢಿ ಐತೆ” ಎಂದಳು ಸುಗ್ರಾಬಿ. ಸಾಬರು ಹೊನ್ನೆಯದನ್ನೇ ಕೊಟ್ಟರು.

ಜೂನಿನಲ್ಲಿ ಮುಮ್ತಾಜಳನ್ನು ಶಾಲೆಗೆ ಬಿಡಲು ಹೋದಾಗ ಸಾಬರು ಬೆಂಚಿನ ಮೇಲೆ ಹತ್ತಿ ನಿಂತು, ಕೈಚಾಚಿ, ಮೊಳಕೋಲಿನ ತುದಿಯಿಂದ ಅವಳ ತಲೆಯ ನೇರದ ತೊಲೆಯನ್ನು ಇನ್ನೊಮ್ಮೆ ಬಡಿದರು. ಟೀಚರಮ್ಮ ಉಮಾಮಹೇಶ್ವರಿ ಗಾಬರಿಯಾಗಿ, “ಏನ್ ನೋಡ್ತಿದೀರಿ ಅಜ್ಜಾರೇ?” ಎಂದರು.

“ಏನಿಲ್ಲ ತಾಯಿ,” ಎಂದರು ಸಾಬರು, ಇಳಿಯುತ್ತ. “ಜಂಗಲ್ ವುಡ್ಡು. ಕೂಡ್ರಸ್ರಿ ಮಕ್ಕಳನ್ನ.”