ಅವಲಕ್ಕಿ ನೆನೆದರೆ ಏಣಿ ಹತ್ತು

ಕೊಡಗಿನ ಶ್ರೀಮಂಗಲದ ಕಡೆಯ ಒಂದು ಕಾಫಿ ತೋಟದಲ್ಲಿ ಇನ್ನೂ ಮಂಜು ಬಿಟ್ಟಿಲ್ಲ. ಸಿಲ್ವರ್ ಓಕ್ ಮರಗಳ ತುದಿ ಕಾಣುತ್ತಿಲ್ಲ. ಅವನ್ನು ತಬ್ಬಿಕೊಂಡು ಏರಿದ ಮೆಣಸಿನ ಬಳ್ಳಿಗಳಿಂದ ಟಪ್ ಟಪ್ ಎಂದು ಹನಿ ಬೀಳುತ್ತಿದೆ. ಮುದ್ದಿ ತಲೆಗೆ ವಸ್ತ್ರ ಬಿಗಿದು, ಒಂಟಿ ಬಿದಿರಿನ ಏಣಿಯನ್ನು ನೆಲಕ್ಕೆ ಮಲಗಿಸಿಕೊಂಡು, ಅದರ ಒಂದೊಂದೇ ಗಿಣ್ಣನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಾಳೆ. ಬಿದಿರಿನ ಎರಡೂ ಬದಿಗೆ ಮೋಟಾಗಿ ಕಡಿದುಳಿಸಿದ ರೆಂಬೆಗಳೇ ಇಲ್ಲಿ ಮೆಟ್ಟಿಲು. ಒರೆಸಿ ಮುಗಿದ ಮೇಲೆ ಎದ್ದು, ಸೆರಗಿನ ಗಂಟು ಬಿಚ್ಚಿ, ಮೆಣಸು ಕೊಯ್ಯಲು ಸಾಲಾಗಿ ನಿಂತ ಗಂಡಸರ ಅಂಗೈಗೆ ಒಂದೊಂದು ಚಿಟಿಕೆ ಒಣ ಅವಲಕ್ಕಿ ಹಾಕುತ್ತಾ ಹೋಗುತ್ತಾಳೆ. ಹೊಸಬರು ನೋಡಿದರೆ ಪ್ರಸಾದ ಎಂದುಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ಆದರೆ ಇದು ಪರೀಕ್ಷೆ.

ನಿಯಮ ಸುಲಭ. ಅವಲಕ್ಕಿ ಬಾಯಿಗೆ ಹಾಕಿ ಅಗಿಯಬೇಕು. ನೆನೆದು ಗಂಟಲಲ್ಲಿ ಇಳಿದರೆ ಏಣಿ ಹತ್ತಬಹುದು. ಹಿಟ್ಟಿನ ಹಾಗೆ ಅಂಗುಳಕ್ಕೆ ಮೆತ್ತಿಕೊಂಡು ಕೂತರೆ ಆ ಮನುಷ್ಯ ಅವತ್ತು ಕೆಳಗೇ ಉದುರು ಮೆಣಸು ಆರಿಸುತ್ತಾನೆ. ಮೇಸ್ತ್ರಿ ಕೂಸಪ್ಪನೂ ಇದಕ್ಕೆ ಎದುರಾಡುವುದಿಲ್ಲ. "ಹೆದ್ರಿಕೆ ಉಂಟಾ ಅಂತ ಕೇಳಿದ್ರೆ ಯಾವ ಗಂಡಸು ಉಂಟು ಅಂತಾನೆ ಹೇಳಿ?" ಎನ್ನುತ್ತಾಳೆ ಮುದ್ದಿ. "ಅದಕ್ಕೇ ನಾನು ಕೇಳೋದೇ ಇಲ್ಲ, ಅಗಿ ಅಂತೀನಿ ಅಷ್ಟೆ."

ಮುದ್ದಿಯ ಕೆಲಸ ಏಣಿ ಹಿಡಿಯುವುದು. ಮೆಣಸು ಕೊಯ್ಯುವವರ ಫೋಟೋ ತೆಗೆಯಲು ಬರುವವರೆಲ್ಲ ಕತ್ತೆತ್ತಿ ಮೇಲೆ ನೋಡುತ್ತಾರೆ. ಬುಡದಲ್ಲಿ ಏಣಿಗೆ ಮೈಕೊಟ್ಟು, ಅದಕ್ಕೆ ಕಟ್ಟಿದ ಹಗ್ಗ ಬಿಗಿಹಿಡಿದು ನಿಂತವಳು ಯಾವ ಫೋಟೋದಲ್ಲೂ ಇಲ್ಲ. ಮೇಲಿಂದ ಕಸ ಬೀಳುತ್ತದೆ, ಮೆಣಸಿನ ಧೂಳು ಕಣ್ಣಿಗೆ ಬೀಳುತ್ತದೆ, ಕೆಂಪು ಚಗಳಿ ಇರುವೆಗಳು ಹಿಂಡುಹಿಂಡಾಗಿ ರವಿಕೆಯೊಳಗೆ ಇಳಿಯುತ್ತವೆ. ಇರುವೆ ಕಚ್ಚಿತೆಂದು ಕೈ ಬಿಡುವ ಹಾಗಿಲ್ಲವಲ್ಲ! ಜನವರಿಯಿಂದ ಮಾರ್ಚಿನವರೆಗೂ ಅವಳ ಕತ್ತು ನೋಯುತ್ತಲೇ ಇರುತ್ತದೆ. ರಾತ್ರಿ ಬಿಸಿನೀರಿನ ಶಾಖ ಕೊಟ್ಟುಕೊಂಡು ಬೆಳಿಗ್ಗೆ ಮತ್ತೆ ಹಾಜರು.

ಇದೇ ತೋಟದ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ, ಹುಟ್ಟಿ ಬೆಳೆದವಳು ಅವಳು. ಅವಲಕ್ಕಿಯ ಗುಟ್ಟು ಹೊಳೆದದ್ದು ಶಾಲೆಯಲ್ಲಂತೆ. ಸ್ವಾತಂತ್ರ್ಯ ದಿನಕ್ಕೆ ಭಾಷಣ ಮಾಡಬೇಕಿತ್ತು, ಅವ್ವ ಕೊಟ್ಟ ಅವಲಕ್ಕಿ ಬಾಯಲ್ಲಿತ್ತು, ಎಷ್ಟು ಅಗಿದರೂ ಒಳಗೆ ಹೋಗಲೊಲ್ಲದು. "ಮಾನ್ಯರೇ" ಎಂದದ್ದೇ ತಡ, ಅಷ್ಟೂ ಹೆಡ್‌ಮಾಸ್ತರರ ಬಿಳಿ ಅಂಗಿಯ ಮೇಲೆ! ಭಾಷಣ ಅಲ್ಲಿಗೇ ಮುಗಿಯಿತು. ಆದರೆ ಹೆದರಿದ ಬಾಯಿ ಒಣಗುತ್ತದೆ ಎಂಬುದು ಹುಡುಗಿಗೆ ಅಚ್ಚೊತ್ತಿದ ಹಾಗೆ ನೆನಪುಳಿಯಿತು.

ಗೋಣಿಕೊಪ್ಪಲಿನಲ್ಲಿ ಕ್ಲಿನಿಕ್ ನಡೆಸುವ ಡಾಕ್ಟರ್ ರಶ್ಮಿತಾ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರು, ಆಮೇಲೆ ಕೂತು ವಿವರಿಸಿದರು. ಅಪಾಯ ಕಂಡ ಕೂಡಲೇ ಮೆದುಳು ನರಗಳ ಮೂಲಕ ಇಡೀ ಮೈಗೆ ಸುದ್ದಿ ಮುಟ್ಟಿಸುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತ ಕೈಕಾಲಿನ ಸ್ನಾಯುಗಳಿಗೆ ನುಗ್ಗುತ್ತದೆ, ಅಂಗೈ ಬೆವರುತ್ತದೆ. ಓಡುವುದೋ ಹೊಡೆದಾಡುವುದೋ ಎಂಬ ಹೊತ್ತಿನಲ್ಲಿ ಊಟದ ಗೊಡವೆ ಯಾರಿಗೆ? ಹಾಗಾಗಿ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಬಾಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಕೆಲವರು ಓಡುವುದೂ ಇಲ್ಲ, ಹೊಡೆದಾಡುವುದೂ ಇಲ್ಲ, ಇದ್ದಲ್ಲೇ ಮರಗಟ್ಟಿಬಿಡುತ್ತಾರೆ. "ಅದು ಹೇಡಿತನ ಅಲ್ಲ, ಮೈಯೇ ಮಾಡುವ ತೀರ್ಮಾನ" ಎನ್ನುತ್ತಾರೆ ಡಾಕ್ಟರ್. ಬಾಯಾರಿಕೆಯಾದರೂ ಬಾಯಿ ಒಣಗುತ್ತದೆ, ಮೊದಲು ನೀರು ಕುಡಿಸಿ ಆಮೇಲೆ ಪರೀಕ್ಷೆ ಮಾಡು ಎಂದು ಅವರು ಹೇಳಿದ್ದನ್ನು ಮುದ್ದಿ ಒಪ್ಪಿಕೊಂಡಳು. ಈಗ ಅವಲಕ್ಕಿಗೆ ಮುಂಚೆ ಎಲ್ಲರಿಗೂ ಒಂದೊಂದು ಲೋಟ ನೀರು ಕಡ್ಡಾಯ.

ಪರೀಕ್ಷೆಯಲ್ಲಿ ಪಾಸಾದವರೂ ಒಮ್ಮೊಮ್ಮೆ ಮೇಲೆ ಹೋಗಿ ಮರಗಟ್ಟುವುದುಂಟು. ಆಗ ಮುದ್ದಿ "ಹೆದರಬೇಡ" ಎಂಬ ಮಾತನ್ನು ಮಾತ್ರ ಬಾಯಿ ತಪ್ಪಿಯೂ ಆಡುವುದಿಲ್ಲ. ತೋಟದಲ್ಲಿ ಒಬ್ಬರನ್ನೊಬ್ಬರು ಕರೆಯುವ ಹಾಗೆ "ಕೂ..." ಎಂದು ಉದ್ದಕ್ಕೆ ಕೂಗಿಸುತ್ತಾಳೆ, ಉಸಿರು ಪೂರಾ ಖಾಲಿಯಾಗುವ ತನಕ. ಹಾಗೆ ನಿಧಾನವಾಗಿ ಬಿಡುವ ಉಸಿರು ನರಗಳನ್ನು ಸಮಾಧಾನಕ್ಕೆ ತರುತ್ತದೆ ಎಂದು ಡಾಕ್ಟರೂ ಹೇಳುತ್ತಾರೆ. ಆಮೇಲೆ ನಿನ್ನೆ ರಾತ್ರಿ ಏನು ಸಾರು ಎಂದು ಕೇಳುತ್ತಾಳೆ. ಕೊನೆಗೆ "ಆಚೆ ಬದಿಗೆ ಉಗುಳು ನೋಡುವ" ಎನ್ನುತ್ತಾಳೆ. ಉಗುಳು ಬಂತೆಂದರೆ ಮನುಷ್ಯ ವಾಪಸ್ ಬಂದ ಎಂದೇ ಲೆಕ್ಕ. ಒಮ್ಮೆ ಒಬ್ಬ ಮರದ ಮೇಲಿಂದ ಕೋಳಿ ಸಾರು ಎಂದು ಕೂಗಿದ. ಹರಕೆ ಹೊತ್ತು ಮಾಂಸ ಬಿಟ್ಟಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದ ಗಿರಾಕಿ ಅವನು. ಪಕ್ಕದ ಸಾಲಿನಲ್ಲೇ ಅವನ ಹೆಂಡತಿ ಕಾಫಿ ಪಿಕಿಂಗ್ ಮಾಡುತ್ತಿದ್ದಳು. ಪಾಪ, ಇಳಿಯಲು ಹೆದರಿದ್ದವನು ಆಮೇಲೆ ಇಳಿಯಲೇ ಒಪ್ಪಲಿಲ್ಲ.

ಈ ಗುಂಪಿನಲ್ಲಿ ಇನ್ನೊಂದು ಕಟ್ಟುಪಾಡಿದೆ. ಮನೆಯವರು ಮನೆಯವರ ಏಣಿ ಹಿಡಿಯಬಾರದು. ಬುಡದಲ್ಲಿ ಕೈ ನಡುಗಿದರೆ ಆ ನಡುಕ ಬಿದಿರಿನೊಳಗೆ ಹತ್ತಿ ಮೇಲಿರುವವನ ಅಂಗಾಲಿಗೆ ಗೊತ್ತಾಗುತ್ತದೆ. ಮುದ್ದಿಯ ಗಂಡ ಬೊಮ್ಮ ಗುಂಪಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಮರ ಹತ್ತುತ್ತಿದ್ದವನು. ಅವನ ಏಣಿಯನ್ನು ಅವಳು ಯಾವತ್ತೂ ಮುಟ್ಟಿದವಳಲ್ಲ, ಕಳೆದ ಕೊಯ್ಲಿನ ಒಂದು ದಿನ ಬಿಟ್ಟು.

ಅವತ್ತು ಆಳು ಕಡಿಮೆಯಿತ್ತು. ಒಂದೇ ಮರ ತಾನೇ ಎಂದು ಮುದ್ದಿ ಏಣಿಗೆ ಕೈ ಕೊಟ್ಟಳು. ಬೊಮ್ಮ ತುದಿ ಮುಟ್ಟುವಷ್ಟರಲ್ಲಿ ಕೆಂಜಳಿಲೆಂಬ ದೊಡ್ಡ ಅಳಿಲೊಂದು ಅವನ ಮುಖದ ಪಕ್ಕದಿಂದಲೇ ಹಾರಿತು. ಅವನು ಬೆಚ್ಚಿದ, ಏಣಿ ಗೇಣಷ್ಟು ಜಾರಿತು. ಕೆಳಗೆ ಮುದ್ದಿಯ ಕೈ ಗಡಗಡ ನಡುಗಿತು, ಅದು ಬೊಮ್ಮನಿಗೆ ತಿಳಿಯಿತು, ಅವನು ಮರ ತಬ್ಬಿಕೊಂಡು ಮರಗಟ್ಟಿದ. ಎಷ್ಟೋ ಜನರನ್ನು ಮಾತಾಡಿಸಿ ಇಳಿಸಿದ್ದ ಮುದ್ದಿಗೆ ಅವತ್ತು "ಕೂ" ಎನ್ನಲೂ ಆಗಲಿಲ್ಲ. ಕೂಸಪ್ಪನೇ ಇನ್ನೊಂದು ಏಣಿ ಹಾಕಿ, ಹಗ್ಗ ಕಟ್ಟಿ ಅವನನ್ನು ಇಳಿಸಿದ.

ಮೈಗೆ ಒಂದು ಗೀರೂ ಆಗಿರಲಿಲ್ಲ. ಆದರೆ ಬೊಮ್ಮ ಅಲ್ಲಿಂದಾಚೆ ಏಣಿ ಕಂಡರೆ ಬಾಯಿ ಒಣಗಿ ನಿಂತುಬಿಡುತ್ತಿದ್ದ. ಕಣದಲ್ಲಿ ಮೆಣಸು ಒಣಗಿಸುವ ಕೆಲಸಕ್ಕೆ ಹೋದ. ಮರ ಹತ್ತುವವರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟ. ಮುದ್ದಿಗೆ ಸಂಕಟವಾದದ್ದು ಅದಕ್ಕೇ. ಮಳೆಗಾಲ ಪೂರ್ತಿ, ಮಳೆ ಬಿಟ್ಟ ಹೊತ್ತು ನೋಡಿ, ಲೈನಿನ ಹಿಂದಿನ ಹಲಸಿನ ಮರಕ್ಕೆ ಏಣಿ ಒರಗಿಸಿ, ಬಾಯಿಗೆ ಅವಲಕ್ಕಿ ಹಾಕಿಸಿ, ಒಂದು ವಾರ ಒಂದು ಗಿಣ್ಣು, ಮುಂದಿನ ವಾರ ಇನ್ನೊಂದು ಎಂದು ಹತ್ತಿಸಿದಳು. ಮೈ ಹೀಗೇ ನಿಧಾನಕ್ಕೆ ಕಲಿಯಬೇಕು, ಅವಸರ ಬೇಡ ಎಂದು ಡಾಕ್ಟರೂ ಹೇಳಿದ್ದರು. ಇವತ್ತು ಅವನು ತೋಟದ ಮರ ಹತ್ತುವ ದಿನ.

ಮಂಜು ಕರಗಿ ಏಣಿ ಒಣಗಿದೆ. ಬೊಮ್ಮ ನೀರು ಕುಡಿದು ಅವಲಕ್ಕಿ ಅಗಿಯುತ್ತಾನೆ, ನುಂಗುತ್ತಾನೆ, ಬಾಯಿ ಕಳೆದು ತೋರಿಸುತ್ತಾನೆ. ಏಣಿ ಹಿಡಿಯಲು ಬಂದವನನ್ನು ತಡೆದು, ಮುದ್ದಿ ಹಿಡಿದರೆ ಮಾತ್ರ ಹತ್ತುತ್ತೇನೆ ಎನ್ನುತ್ತಾನೆ. ಕೂಸಪ್ಪ ಕಟ್ಟುಪಾಡು ನೆನಪಿಸಿದರೂ ಅವನು ಜಗ್ಗುವುದಿಲ್ಲ. "ಅವಳ ಕೈ ನಡುಗಿದ್ದು ನನ್ನ ಕಾಲಿಗೆ ಇನ್ನೂ ನೆನಪುಂಟು" ಎನ್ನುತ್ತಾನೆ. "ಅದೇ ಕೈ ಗಟ್ಟಿಯಾಗಿ ಹಿಡಿದದ್ದೂ ಗೊತ್ತಾಗ್ಬೇಕಲ್ಲ."

ಕೂಸಪ್ಪ ಮುದ್ದಿಯ ಸೆರಗಿನ ಗಂಟಿನಿಂದಲೇ ಒಂದು ಚಿಟಿಕೆ ತೆಗೆದು ಅವಳ ಅಂಗೈಗೆ ಹಾಕುತ್ತಾನೆ. ಇಷ್ಟು ವರ್ಷದಲ್ಲಿ ಅವಳನ್ನು ಪರೀಕ್ಷೆ ಮಾಡಿದವರೇ ಇರಲಿಲ್ಲ! ಮುದ್ದಿ ಅಗಿಯುತ್ತಾಳೆ. ಅಗಿಯುತ್ತಲೇ ಇರುತ್ತಾಳೆ. ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದಾರೆ, ಅವಲಕ್ಕಿ ಇಳಿಯುತ್ತಿಲ್ಲ. ನೀರು ಕುಡಿದು ಇನ್ನೊಂದು ಚಿಟಿಕೆ ಹಾಕಿಕೊಂಡರೂ ಅಷ್ಟೇ. ಗಂಡಸರೆಲ್ಲ ಮೀಸೆಯಡಿ ನಗುತ್ತಿದ್ದಾರೆ. ಮುದ್ದಿಗೆ ಮಾತ್ರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆಗ ಬೊಮ್ಮ ಅವಳ ಎದುರು ಬಂದು ನಿಂತು, ಉದ್ದಕ್ಕೆ "ಕೂ..." ಎನ್ನುತ್ತಾನೆ. ಅವಳೂ ಎನ್ನುತ್ತಾಳೆ. ಮೊದಲನೆಯದು ಗಂಟಲಲ್ಲೇ ಒಡೆಯುತ್ತದೆ, ಆಮೇಲಿನದು ತೋಟದ ಆಚೆಗೂ ಕೇಳುತ್ತದೆ.

"ನಿನ್ನೆ ರಾತ್ರಿ ಏನು ಸಾರು?" ಎಂದು ಕೇಳುತ್ತಾನೆ ಬೊಮ್ಮ.

"ಒಣ ಮೀನಿಂದು. ಉಪ್ಪು ಕಮ್ಮಿ ಅಂತ ಮೂತಿ ತಿರುಗಿಸಿದ್ದು ನೀನೇ."

"ಕಮ್ಮಿಯೇ ಇತ್ತಲ್ಲ."

ಮುದ್ದಿಗೆ ನಿಜವಾಗಿ ಸಿಟ್ಟು ಬರುತ್ತದೆ. ಮೂರು ಸಲ ಬಡಿಸಿಕೊಂಡು ಪಾತ್ರೆ ಬಳಿದದ್ದು ಯಾರು, ಉಪ್ಪು ಕಮ್ಮಿಯಿದ್ದರೆ ಬಾಯಿ ಚಪ್ಪರಿಸಿದ್ದು ಯಾಕೆ ಎಂದು ಒಂದೇ ಉಸಿರಿಗೆ ಬೈಯುತ್ತಾಳೆ. ಬೈಯುವ ಮಧ್ಯೆ ಎಲ್ಲೋ ಅವಲಕ್ಕಿ ನೆನೆದು ಗಂಟಲಿಗಿಳಿದು ಹೋಗಿದೆ, ಅವಳಿಗೇ ಗೊತ್ತಿಲ್ಲ. ಕೂಸಪ್ಪ ಏಣಿಯತ್ತ ಕೈ ತೋರಿಸುತ್ತಾನೆ.

ಬೊಮ್ಮ ಹತ್ತುತ್ತಾನೆ. ಮುದ್ದಿ ಬಿದಿರಿಗೆ ಭುಜ ಕೊಟ್ಟು, ಹಗ್ಗ ಬಿಗಿದು ನಿಂತಿದ್ದಾಳೆ. ಚಗಳಿಯೊಂದು ಕಿವಿಯ ಹಿಂದೆ ಕಚ್ಚುತ್ತಿದೆ, ಅವಳು ಅಲ್ಲಾಡುವುದಿಲ್ಲ. ಕಳೆದ ಸಲ ನಿಂತುಹೋದ ಎತ್ತರದಲ್ಲಿ ಬೊಮ್ಮ ಒಂದು ಗಳಿಗೆ ನಿಲ್ಲುತ್ತಾನೆ, ಮತ್ತೆ ಎರಡು ಗಿಣ್ಣು ಮೇಲೆ ಹೋಗುತ್ತಾನೆ. ಮೆಣಸಿನ ಮೊದಲ ಗೊಂಚಲು ಸೊಂಟದ ಚೀಲಕ್ಕೆ ಬೀಳುತ್ತದೆ. ಕೆಳಗಿನಿಂದ ಮುದ್ದಿ ಕೂಗುತ್ತಾಳೆ, "ಉಗುಳು ನೋಡುವ."

ಅವನು ಆಚೆ ಬದಿಗೇ ಉಗುಳುತ್ತಾನೆ. ಆದರೆ ಗಾಳಿ ಈಚೆ ಬೀಸುತ್ತಿದೆ. ಅಷ್ಟೂ ಬಂದು ಮುದ್ದಿಯ ತಲೆವಸ್ತ್ರದ ಮೇಲೆ ಬೀಳುತ್ತದೆ. ಸುತ್ತ ನಿಂತವರು ಈಗ ಏನಾಗುತ್ತದೋ ಎಂದು ಅವಳ ಮುಖ ನೋಡುತ್ತಾರೆ. ಮುದ್ದಿ ಏಣಿಯಿಂದ ಕೈ ತೆಗೆಯದೆ, ಒರೆಸಿಕೊಳ್ಳದೆ, ಭುಜ ಕುಲುಕದ ಹಾಗೆ ಜಾಗ್ರತೆಯಿಂದ ನಗುತ್ತಾಳೆ.

"ಗಂಡ ತಲೆ ಮೇಲೆ ಉಗುಳಿದ್ದಕ್ಕೆ ಖುಷಿಪಟ್ಟ ಹೆಂಡತಿ ಈ ಕೊಡಗಲ್ಲಿ ನಾನೊಬ್ಬಳೇ ಇರ್ಬೇಕು" ಎನ್ನುತ್ತಾಳೆ. "ಇವತ್ತು ಈ ವಸ್ತ್ರ ಒಗೆಯೋದಿಲ್ಲ ನಾನು."