ಎರೆ ಕೇಳಿದರು, ಎರೆ ಒಯ್ದೆ

ಕಳೆದ ಭಾನುವಾರ ಮೀನು ಹಿಡಿಯಲು ಹೋಗಿದ್ದೆ. ಜೊತೆಗೆ ಒಂದು ಚೀಲ ಮಣ್ಣು ಒಯ್ದಿದ್ದೆ.

ನಗಬೇಡಿ. ಅದೇನು ಸಾಮಾನ್ಯ ಮಣ್ಣಲ್ಲ. ತಳಕಿನ ಹತ್ತಿರ ನಮ್ಮ ಹೊಲ ಇದೆಯಲ್ಲ, ಅಲ್ಲಿನ ಕಪ್ಪು ಎರೆಮಣ್ಣು. ಅಗೆದು ತಂದಾಗ ಅದರಲ್ಲಿ ಒಂದಷ್ಟು ಹುಳ ಇದ್ದವು. ಬೀಗರಿಗೆ ಹುಳ ಬಿದ್ದ ಮಣ್ಣು ಕೊಡುವುದೇ? ಒಂದೊಂದನ್ನೂ ಹೆಕ್ಕಿ ಬೇಲಿಯಾಚೆ ಎಸೆದೆ. ಆಮೇಲೆ ಬಿಸಿಲಿಗೆ ಹರವಿ, ಹೆಂಟೆ ಒಡೆದು, ಜರಡಿ ಹಿಡಿದು, ಹೊಸ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. (ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಹತ್ತಿಯನ್ನೂ ಮಡಚಿಯೇ ಇಡುವವಳು. ಮಣ್ಣನ್ನು ಬಿಡುತ್ತೇನೆಯೇ?)

ಇಷ್ಟೆಲ್ಲ ಯಾಕೆ? ಬೀಗರು ಕೇಳಿದ್ದರು.

ನಮ್ಮ ಬೀಗರು ಓಬಣ್ಣ, ಮಗಳು ಸುಧಾಳ ಮಾವ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಆ ಎರಡನ್ನೂ ನಾನು ಮದುವೆಯ ದಿನವೇ ಕೇಳಿದ್ದೇನೆ. ಆವತ್ತು ಚಳ್ಳಕೆರೆಯ ಛತ್ರದಲ್ಲಿ ಲಗ್ನಪತ್ರಿಕೆಯಲ್ಲಿ ಅಚ್ಚಾದ ಹೊತ್ತಿಗೆ ಸರಿಯಾಗಿ ಊಟಕ್ಕೆ ಎಲೆ ಹಾಕಿಸಿದೆ. ಗಂಡಿನ ಕಡೆಯವರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರು ಬರುವ ಹೊತ್ತಿಗೆ ಸಾರು ಆರಿತ್ತು, ಪಾಯಸ ತಳ ಕಂಡಿತ್ತು. "ಊಟ ಹಾಕಿದ್ರೋ, ವಾರ್ಡ್‌ನಾಗೆ ಗುಳಿಗೆ ಹಂಚಿದ್ರೋ?" ಎಂದು ಓಬಣ್ಣ ನಾಲ್ಕು ಜನರ ಮುಂದೆ ಕೇಳಿದರು. ನಾನೂ ಸುಮ್ಮನಿರಲಿಲ್ಲ. ಕೊನೆಗೆ ಅವರು, "ಇನ್ನು ಈ ಮನೇರ ನೀರೂ ಮುಟ್ಟಲ್ಲ" ಎಂದು ಎದ್ದು ಹೋದರು.

ಮುಟ್ಟಲೂ ಇಲ್ಲ. ಎಷ್ಟು ಕರೆದರೂ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಈಗ ಸುಧಾ ಬಸುರಿ. ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಅವಳಿಗೆ ಕುಬುಸ (ಸೀಮಂತ) ಮಾಡಬೇಕು. ಮಾವನೇ ಬರದ ಕುಬುಸ ಎಂಥ ಕುಬುಸ? "ಅವ್ವಾ, ನೀನೇ ಬಂದು ಕರಿ. ಮಾವ ಬರ್ಲಿಲ್ಲಾಂದ್ರೆ ನಾನೂ ಆರತಿಗೆ ಕೂರಲ್ಲ" ಎಂದಳು ಮಗಳು. ಅವಳ ಹಟ ಗೊತ್ತು. ನನ್ನದೇ ಅದು.

ಹೇಗೆ ಕರೆಯಲಿ ಎಂದು ಯೋಚಿಸುತ್ತಿದ್ದಾಗ ಬೀಗರದೇ ಫೋನ್ ಬಂತು. ದನಿ ಬಿಗಿಯಾಗಿಯೇ ಇತ್ತು.

"ಸಿಸ್ಟರಮ್ಮ, ಅದೇನೋ ಮಾತಾಡ್ಬೇಕು ಅಂದ್ರಂತೆ, ಸುಧಾ ಹೇಳಿದ್ಲು. ಭಾನುವಾರ ನಾನು ಹಳ್ಳದ ಚೆಕ್ ಡ್ಯಾಮ್ ಹತ್ರ ಮೀನಿಗೆ ಕೂತಿರ್ತೀನಿ. ಬರೋದಾದ್ರೆ ಅಲ್ಲಿಗೇ ಬರ್ರಿ. ಬರ್ತಾ ಒಂದಿಷ್ಟು ಎರ ತನ್ನಿ. ನಿಮ್ಮ ಹೊಲದಾಗೆ ಚೆನ್ನಾಗಿ ಸಿಗ್ತೈತಲ್ಲ."

ಎರೆ ತಾನೇ? ಮೊಳಕಾಲ್ಮೂರಿನ ಸುತ್ತ ಕೆಂಪು ನೆಲ. ಕುಂಡಕ್ಕೋ ತಲೆಗೆ ಹಚ್ಚುವುದಕ್ಕೋ ಬೇಕಿರಬೇಕು ಅಂದುಕೊಂಡೆ. ಯಾಕೆ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಮುನಿಸಿಕೊಂಡ ಬೀಗರು ಬಾಯಿಬಿಟ್ಟು ಕೇಳಿದ್ದೇ ದೊಡ್ಡದು.

ಬಸ್ಸಿನಲ್ಲಿ ಕಂಡಕ್ಟರ್ ಚೀಲ ಒದ್ದು ನೋಡಿದ. "ಏನಮ್ಮ ಇದು?"

"ಮಣ್ಣು."

"ಮೊಳಕಾಲ್ಮೂರಾಗೆ ಮಣ್ಣಿಲ್ವಾ?"

"ಬೀಗರು ಕೇಳ್ಯಾರೆ."

ಅವನು ಹಾಗೇ ಮುಂದೆ ಹೋದ. ಲಗೇಜ್ ಟಿಕೆಟ್ಟೂ ಹರಿಯಲಿಲ್ಲ. ಅವನಿಗೂ ಬೀಗರಿರಬೇಕು.

ಬಸ್ ಸ್ಟ್ಯಾಂಡಿನಿಂದ ಆಟೊ ಮಾಡಿಕೊಂಡು ಚೆಕ್ ಡ್ಯಾಮಿಗೆ ಹೋದೆ. ನಮ್ಮ ಸೀಮೆಯಲ್ಲಿ ನದಿಯೆಂದರೆ ವರ್ಷದಲ್ಲಿ ಹೆಚ್ಚು ಕಾಲ ಮರಳು. ಈ ಸಲ ಮಳೆ ಕೈ ಹಿಡಿದಿದೆ. ಚಿನ್ನಹಗರಿ ಹಳ್ಳದಲ್ಲಿ ಕಟ್ಟೆಯ ಹಿಂದೆ ನೀರು ತುಂಬಿ ನಿಂತಿತ್ತು. ದಡದಲ್ಲಿ ಓಬಣ್ಣ ಸ್ಕೂಟರನ್ನು ಸ್ವಲ್ಪ ಆಚೆ ನಿಲ್ಲಿಸಿ, ಎರಡು ಗಾಳದ ಕೋಲು ಇಟ್ಟುಕೊಂಡು, ಟವೆಲ್ ತಲೆಗೆ ಸುತ್ತಿ ಕೂತಿದ್ದರು.

"ಎರ ತಂದ್ರಾ?"

ಚೀಲ ಮುಂದಿಟ್ಟೆ. ಅವರ ಹುಬ್ಬು ಮೇಲೆ ಹೋಯಿತು. ಚೀಲದ ಬಾಯಿ ಬಿಚ್ಚಿ ಕೈ ಹಾಕಿದರು. ಮೊಣಕೈವರೆಗೂ ಹಾಕಿ ತಡಕಾಡಿದರು.

"ಹುಳ ಎಲ್ಲಿ?"

"ಒಂದೂ ಇಲ್ಲ. ಎಲ್ಲ ಹೆಕ್ಕಿ ಬಿಸಾಕೀನಿ. ಬೇಕಾದ್ರೆ ಪೂರ್ತಿ ಸುರುವಿ ನೋಡ್ರಿ" ಎಂದೆ, ಹೆಮ್ಮೆಯಿಂದಲೇ.

ಓಬಣ್ಣ ನನ್ನ ಮುಖ ನೋಡಿದರು. ಮಣ್ಣು ನೋಡಿದರು. ನೀರು ನೋಡಿದರು.

"ಸಿಸ್ಟರಮ್ಮ, ಎರ ಅಂದ್ರೆ ಗಾಳಕ್ಕೆ ಚುಚ್ಚೋ ಹುಳ. ಮೀನು ಮಣ್ಣು ತಿಂತೈತಾ?"

(ಮನೆಗೆ ಬಂದು ನಿಘಂಟು ತೆಗೆದೆ. ತೆಲುಗಿನ ಎರದ ಹಾಗೆ ಕನ್ನಡದಲ್ಲೂ ಎರೆ ಅಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸಂತೆ. ಅಂದರೆ ತಪ್ಪನ್ನು ತೆಲುಗಿನ ತಲೆಗೆ ಕಟ್ಟುವ ಹಾಗೂ ಇಲ್ಲ.)

ಮುಗಿಯಿತು, ಮದುವೆಯ ಪಾಯಸದ ಜೊತೆಗೆ ಈಗ ಮಣ್ಣೂ ಸೇರಿತು. ಕುಬುಸದ ಮಾತು ಎತ್ತುವುದಾದರೂ ಹೇಗೆ? ಬೀಗರು ಬೆನ್ನು ತಿರುಗಿಸಿ ನಿಂತರು. ಭುಜ ಕುಲುಕುತ್ತಿತ್ತು. ಸಿಟ್ಟೋ ನಗುವೋ ಹಿಂದಿನಿಂದ ತಿಳಿಯಲಿಲ್ಲ. ತಿರುಗಿದಾಗ ಮುಖದಲ್ಲಿ ಎರಡೂ ಇರಲಿಲ್ಲ.

"ಬರ್ರಿ, ಅಗಿಯೋಣ" ಎಂದು ಒಂದು ಕಡ್ಡಿ ಕೈಗೆ ಕೊಟ್ಟರು.

ಸೀರೆ ಎತ್ತಿ ಕಟ್ಟಿ ಒದ್ದೆ ದಡ ಕೆದಕಲು ಕೂತೆ. ಮೊದಲ ಹುಳ ಸಿಕ್ಕಾಗ ಒಳಗೊಳಗೇ ಏನೋ ಪುಳಕ. ಎರಡನೆಯದೂ ನನ್ನದೇ, ಮೂರನೆಯದು ಅವರದು. ಸ್ವಲ್ಪ ಹೊತ್ತಿಗೆ ಇಬ್ಬರೂ ಪೈಪೋಟಿಗೆ ಬಿದ್ದಿದ್ದೆವು. ಹುಳವನ್ನು ಗಾಳಕ್ಕೆ ಏರಿಸುವ ಕೆಲಸ ನಾನೇ ತೆಗೆದುಕೊಂಡೆ.

"ಕೈ ನಡುಗಲ್ವಾ ನಿಮ್ಗೆ?"

"ಊರ ಮಕ್ಕಳಿಗೆಲ್ಲಾ ಚುಚ್ಚಿದ ಕೈ ಇದು."

"ನಮ್ಮ ಹುಡುಗನಿಗೂ ನೀವೇ ಚುಚ್ಚಿದ್ರೇನೋ. ಅದ್ಕೇ ನಿಮ್ಮ ಮುಂದೆ ಇನ್ನೂ ಬಾಯಿ ಬಿಡಲ್ಲ ಅವನು."

ಅಳಿಯಂದಿರ ಮೇಲಿನ ಈ ಮಾತಿಗೆ ನಗಬಾರದು. ನಕ್ಕೆ.

ಹುಳಕ್ಕೆ ಬೆರಳುದ್ದದ ಒಂದು ಮೀನು ಬಿತ್ತು. ಅಷ್ಟಕ್ಕೇ ನಾನು ಕುಣಿಯುವಂತಾದೆ. ಓಬಣ್ಣ ತಣ್ಣಗೆ ಹೇಳಿದರು, "ಇದು ಊಟಕ್ಕಲ್ಲ. ಇದೂ ಎರನೇ." ಆ ಮೀನನ್ನು ಜೀವಂತವಾಗಿಯೇ ಬೆನ್ನಿನ ಬಳಿ ದೊಡ್ಡ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟರು. ಅದು ಅತ್ತಿತ್ತ ಈಜುತ್ತಿದ್ದರೆ ಹಾವಿನ ತಲೆಯ ಕೊರಮೀನು ಬಂದು ನುಂಗುತ್ತದಂತೆ. ಸತ್ತದ್ದನ್ನು ಅದು ಮೂಸಿಯೂ ನೋಡುವುದಿಲ್ಲವಂತೆ. ಪಾಪ ಅನ್ನಿಸಿತು. ಎರಡು ನಿಮಿಷಕ್ಕೆ ಆ ಪಾಪವೂ ಮರೆತು ನೀರಿನ ಮೇಲಿನ ಬೆಂಡನ್ನೇ ದಿಟ್ಟಿಸುತ್ತಿದ್ದೆ. ಮನುಷ್ಯರು ಇಷ್ಟೇ ನೋಡಿ.

ಬೀಗರು ಒಬ್ಬರನ್ನೊಬ್ಬರು ಭೇಟಿಯಾಗುವುದು ಹೇಗೆ? ಎದುರುಬದುರು ಕುರ್ಚಿ, ನಡುವೆ ಉಪ್ಪಿಟ್ಟಿನ ತಟ್ಟೆ. ಒಬ್ಬರ ಮಾತನ್ನು ಇನ್ನೊಬ್ಬರು ತೂಗಿ ನೋಡುವುದು. ಅಲ್ಲಿ ಜಗಳ ಹುಟ್ಟದೆ ಇನ್ನೇನು ಹುಟ್ಟೀತು? ಇಲ್ಲಿ ಇಬ್ಬರ ಮುಖವೂ ಒಂದೇ ಕಡೆಗಿತ್ತು. ಕೈಯೆಲ್ಲ ಕೆಸರು. ದೊಡ್ಡಸ್ತಿಕೆ ತೋರಿಸಲು ಜಾಗವೇ ಇರಲಿಲ್ಲ. ಮೆಲ್ಲಗೆ ಕೇಳಿದೆ.

"ಕುಬುಸಕ್ಕೆ ನೀವು ಬರ್ಬೇಕು."

ಅವರು ದೊಡ್ಡ ಗಾಳದ ಕೋಲನ್ನು ನನ್ನ ಕೈಗಿತ್ತು, ಇನ್ನೊಂದನ್ನು ಹಿಡಿದು ಸ್ವಲ್ಪ ಆಚೆ ಹೋಗಿ ಕೂತರು.

"ಹುಡುಗಿ ಆಸೆ ಪಡ್ತಾಳೆ."

"ನಾನು ಆಡಿದ ಮಾತು ಐತಲ್ಲ ಸಿಸ್ಟರಮ್ಮ. ನೀರೂ ಮುಟ್ಟಲ್ಲ ಅಂದೀನಿ. ಊರೆಲ್ಲಾ ಕೇಳೈತೆ."

ಆಗಲೇ ಬೆಂಡು ಮುಳುಗಿತು. ಆ ಕೋಲು ನನ್ನ ಕೈಯಲ್ಲಿತ್ತು. ನೀರಿನೊಳಗಿನಿಂದ ಯಾರೋ ಸೆರಗು ಹಿಡಿದು ಎಳೆದ ಹಾಗಾಯಿತು. ಕೋಲು ಬಿಲ್ಲಿನಂತೆ ಬಾಗಿತು. ನಾನೂ ಹಿಮ್ಮಡಿ ಊರಿ ಎಳೆದೆ.

"ಎಳೀಬೇಡ್ರಿ, ದಾರ ಹರೀತೈತೆ. ಸಡ್ಲ ಬಿಡ್ರಿ, ಬಿಡ್ರಿ" ಎಂದು ಓಬಣ್ಣ ಓಡಿ ಬಂದರು.

ಆ ಕ್ಷಣದಲ್ಲಿ ನನಗೆ ಎಲ್ಲಿಂದ ಬುದ್ಧಿ ಬಂತೋ. ಕೋಲನ್ನು ಇನ್ನೂ ಬಿಗಿ ಹಿಡಿದೆ.

"ಕುಬುಸಕ್ಕೆ ಬರ್ತೀರಾ?"

"ಅಯ್ಯೋ, ದೊಡ್ಡ ಮೀನು ಕಣಮ್ಮ, ಮೊದ್ಲು ಬಿಡ್ರಿ."

"ಬರ್ತೀರೋ ಇಲ್ವೋ?"

"ವಸ್ತಾನಮ್ಮಾ, ವಸ್ತಾನು. ಬರ್ತೀನಿ ತಾಯಿ. ಊಟಾನೂ ಮಾಡ್ತೀನಿ. ದಾರ ಬಿಡ್ರಿ."

ಎರಡೂ ಭಾಷೆಯಲ್ಲಿ ಒಪ್ಪಿದ ಮೇಲೆ ಬಿಟ್ಟೆ. ಒಂದೇ ಸಲಕ್ಕೆ ಬಿಟ್ಟದ್ದರಿಂದ ಹಿಂದಕ್ಕೆ ಬಿದ್ದು ಕೆಸರಿನಲ್ಲಿ ಕೂತೆ. ಅವರು ಕೋಲು ಹಿಡಿಯಲು ಹಾರಿ ಮೊಣಕಾಲವರೆಗೆ ನೀರಿಗಿಳಿದರು. ಆಡಿಸಿ, ಸುಸ್ತು ಮಾಡಿಸಿ, ಕೊನೆಗೆ ಮೊಳದುದ್ದದ ಕೊರಮೀನನ್ನು ದಡಕ್ಕೆ ಎಳೆದು ತಂದರು. ನಾನು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದೆ. ನನ್ನನ್ನು ನೋಡಿ ಅವರು, ಅವರನ್ನು ನೋಡಿ ನಾನು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ವಯಸ್ಸಿನಲ್ಲಿ ಹಾಗೆ ನಗಬಾರದು ಎಂದು ಯಾವ ಡಾಕ್ಟರೂ ಹೇಳಿಲ್ಲ. ನನಗೆ ಗೊತ್ತು.

ಒಪ್ಪಿಗೆಯನ್ನು ಬೆದರಿಸಿ ತೆಗೆದುಕೊಂಡೆ, ನಿಜ. ಆದರೆ ನಾನು ಆಟೊ ಹತ್ತುವಾಗ ಅವರೇ ಕೇಳಿದರು. "ಅವತ್ತು ಎಷ್ಟೊತ್ತಿಗೆ ಬರ್ಬೇಕು?"

"ನಿಮಗೆ ಯಾವಾಗ ಆಗ್ತೈತೋ ಆವಾಗ ಬರ್ರಿ" ಎಂದೆ. ಹೇಳುವಾಗ ನಾಲಿಗೆ ಸ್ವಲ್ಪ ತೊದಲಿತು.

ಮರುದಿನ ಸುಧಾ ಫೋನ್ ಮಾಡಿದಳು.

"ಅವ್ವಾ, ಮಾವ ಹುಳದ ಡಬ್ಬೀನ ಯಾಕೆ ಹಂಗೇ ವಾಪಸ್ ತಂದ್ರು?"

"ಯಾವ ಡಬ್ಬಿ?"

"ಶನಿವಾರ ಸಂಜೆ ಹಿತ್ತಲು ಅಗೆದು ಡಬ್ಬಿ ತುಂಬ ತುಂಬಿಸ್ಕೊಂಡಿದ್ರಲ್ಲ. 'ನಿಮ್ಮವ್ವ ಮರೆತು ಬಂದ್ರೆ ಇರ್ಲಿ' ಅಂತ ನನಗೆ ಹೇಳಿ ಸ್ಕೂಟರ್ ಡಿಕ್ಕಿಯಾಗೆ ಇಟ್ಕೊಂಡು ಹೋಗಿದ್ರು."

ಹತ್ತು ಹೆಜ್ಜೆ ದೂರದ ಸ್ಕೂಟರಿನಲ್ಲಿ ಡಬ್ಬಿ ತುಂಬ ಹುಳ. ದಡದಲ್ಲಿ ನಾನು ಸೀರೆ ಎತ್ತಿ ಕಟ್ಟಿ ಕೆಸರು ಕೆದಕುತ್ತಿದ್ದೆ. ನನ್ನ ಮುಖ ಸಣ್ಣದಾಗಬಾರದು ಎಂದು ಡಬ್ಬಿಯನ್ನು ಮುಚ್ಚಿಟ್ಟರೋ? ಇಲ್ಲಾ, ಈ ಶಿಸ್ತಿನ ಸಿಸ್ಟರಮ್ಮನನ್ನು ಒಂದು ಸಲವಾದರೂ ಕೆಸರಿಗೆ ಇಳಿಸಬೇಕು ಎಂದೋ?

ಬೀಗರೇ, ಇದನ್ನು ಓದುತ್ತಿದ್ದರೆ ಉತ್ತರವನ್ನು ಫೋನಿನಲ್ಲಿ ಹೇಳಬೇಡಿ. ಕುಬುಸಕ್ಕೆ ಬಂದೇ ಹೇಳಿ.